ಏಳು ಅಕ್ಷರ

ಲಾಕ್‌ಮ್ಯಾಡಿಯ ನೋಂದಣಿ ಕಚೇರಿಯಲ್ಲಿ
ಬೆಳಿಗ್ಗೆ ಹತ್ತಾದರೂ ಹೀಟರು ಇನ್ನೂ ಕೆಮ್ಮುತ್ತಲೇ ಇತ್ತು.
ಗಾಳಿಗೆ ಹೆದರಿ ಹಡಗು ಬಂದಿರಲಿಲ್ಲ,
ಪತ್ರಿಕೆಯಿಲ್ಲ, ಹಾಲಿಲ್ಲ.
ಬಂದವರು ಅವರಿಬ್ಬರೇ. ಮತ್ತೆ
ಹದಿನೆಂಟು ದಿನದ ಒಂದು ಉಣ್ಣೆಯ ಗಂಟು,
ಮೂಗಷ್ಟೇ ಹೊರಗೆ.

'ಹೆಸರು?' ಅಂದೆ,
ಮೂವತ್ತೊಂದು ವರ್ಷದಿಂದ ಕೇಳುತ್ತ ಬಂದ ಹಾಗೆ,
ಆಲೂಗಡ್ಡೆಯ ಬೆಲೆ ಕೇಳಿದ ಹಾಗೆ.

ಮಿರೆನ್ ಚೀಟಿ ಮುಂದಿಟ್ಟಳು.
ಏಳು ರೋಮನ್ ಅಕ್ಷರ, ದೊಡ್ಡದಾಗಿ,
ರಸ್ತೆ ದಾಟುವ ಶಾಲೆಮಕ್ಕಳಂತೆ ಕೈ ಕೈ ಹಿಡಿದು.
'ನಾನು ಗ್ಲಾಸ್ಗೋದವಳು, ಗೇಲಿಕ್ ಬಾರದು.
ಟಾರ್ಮೊಡ್‌ನ ಮುತ್ತಜ್ಜಿಯ ಫೋಟೋ ಹಿಂದೆ
ಪೆನ್ಸಿಲಿನಲ್ಲಿ ಬರೆದಿತ್ತು. ಚೆಂದ ಕಂಡಿತು.
ಹೇಗೆ ಕರೆಯಬೇಕೋ ಇಬ್ಬರಿಗೂ ತಿಳಿಯದು.'

ಇವಳಿಗೆ ಬರೆಯಲು ಗೊತ್ತು, ಕರೆಯಲು ಗೊತ್ತಿಲ್ಲ.
ನನಗೆ ತಿರುಗುಮುರುಗು.
ಬಾಲ್ಯವೆಲ್ಲ ಕಿವಿತುಂಬ ಕೇಳಿದ ಹೆಸರು
ಕಣ್ಣಿಗೆ ಬಿದ್ದದ್ದು ಇದೇ ಮೊದಲು.

ಒಯ್‌ರಿಕ್.
ಹುಲ್ಲುಗಾವಲಿನಾಚೆಯಿಂದ ಅಪ್ಪ ಕೂಗಿದರೆ
ಹೆಸರು ಮುಗಿಯುವ ಮುಂಚೆಯೇ ಅವ್ವ ಓಗೊಡುತ್ತಿದ್ದಳು.
ಶುರುವಾಗುವುದೇ ಹಾಗಲ್ಲವೆ ಅದು?
ಕರೆದವರ ಬಾಯಲ್ಲೇ
ಕರೆಸಿಕೊಂಡವಳ ಅರ್ಧ ಉತ್ತರ.

ಕಾಗದದಲ್ಲಿ ಮಾತ್ರ ಅವ್ವ ಬೇರೆ ಯಾರೋ.
ಶಾಲೆಯ ಪಟ್ಟಿಯಲ್ಲಿ ಎಫಿ,
ಚರ್ಚಿನ ಪುಸ್ತಕದಲ್ಲಿ ಯೂಫೀಮಿಯ,
ಯಾರ್ಮತ್ ಬಂದರಿನಲ್ಲಿ ಹೆರಿಂಗ್ ಸೀಳಿದ ಮೂರು ಚಳಿಗಾಲ
ಕೂಲಿಚೀಟಿಯಲ್ಲಿ ಅದು ಹೇಗೋ ಹೆನ್ರಿಯೆಟಾ.
ಇದೇ ಹೆಸರನ್ನು ಹಿಂದಿನ ಕಾಲದಲ್ಲಿ
ಆಫ್ರಿಕಾ ಎಂದೂ ಬರೆದದ್ದುಂಟು.
ವರ್ಷದ ಅರ್ಧ ಬಿಸಿಲು ಕಾಣದ ಹೆಂಗಸಿಗೆ
ಇಡೀ ಒಂದು ಖಂಡವನ್ನು ಹೊದಿಸಿ
ಬೆಚ್ಚಗಿರು ಎಂದರೇನೋ!
ಕಿವಿಗೆ ಸಿಗದ್ದನ್ನು ಕೈಗೆ ಸಿಕ್ಕಿದ್ದರಿಂದ ಮುಚ್ಚುವುದು
ನಮ್ಮ ಕಸುಬಿನ ಹಳೇ ಚಾಳಿ.

'ಅರ್ಥ?' ಟಾರ್ಮೊಡ್ ಕೇಳಿದ.
ಪಂಡಿತರು ಇನ್ನೂ ಜಗಳಾಡುತ್ತಿದ್ದಾರೆ, ಅಂದೆ.
ಚುಕ್ಕಿ ಚುಕ್ಕಿಯವಳು ಎನ್ನುತ್ತಾರೆ ಕೆಲವರು.
ತೊರೆಯ ಟ್ರೌಟ್ ಮೀನಿನ ಮೈಗೂ ಅದೇ ಮಾತು,
ಸಿಡುಬು ತಿಂದ ಮುಖಕ್ಕೂ ಅದೇ ಮಾತು,
ರಾತ್ರಿ ಮೋಡ ಸರಿದರೆ ಅಲ್ಲಿ ಮೇಲೆ ಕಾಣುವುದಕ್ಕೂ
ಚುಕ್ಕಿಯೆಂದರೆ ತಪ್ಪೇನು?

ಹೇಳದೆ ಉಳಿದದ್ದು:
ಅವ್ವನ ಬೆರಳುಗಳು. ಹಿಟ್ಟಿನ ಚೀಲದ ಬಟ್ಟೆ ಸುತ್ತಿದರೂ
ಚಾಕು ತಪ್ಪಿದಲ್ಲೆಲ್ಲ ಉಪ್ಪು ಹೊಕ್ಕು
ಬಿಳಿ ಬಿಳಿ ಗುರುತು, ಸಾಯುವವರೆಗೂ.
ನನ್ನ ಜಡೆ ಹೆಣೆಯುವಾಗ
ಹಣೆಗೆ ತಗುಲಿ ತರಿತರಿ.
ನಾನು ಹೆಸರಿನ ಅರ್ಥ ಓದಿದ್ದು ಅಲ್ಲಿ.

ಇನ್ನೂ ಒಂದು ಹೇಳಲಿಲ್ಲ.
ಕಲ್ಲು ಕೆತ್ತುವವನು ಅಕ್ಷರಕ್ಕೆ ಇಷ್ಟು ಅಂದಿದ್ದ.
ನಡುವಿನ ಎರಡಂತೂ ಮೂಕ, ದನಿಯೇ ಇಲ್ಲ,
ಸುಮ್ಮನೆ ದಂಡ, ಎಫಿ ಅಂದರೆ ಐದಕ್ಕೇ ಆಗುತ್ತದೆ,
ಯೋಚಿಸಿ ಹೇಳಿ.
ಯೋಚಿಸಿದೆ. ಐದಕ್ಕೇ ಒಪ್ಪಿದೆ.
ಊರವರ ಹೆಸರುಗಳನ್ನೆಲ್ಲ ಕಾಯುವ ನಾನು
ಅವ್ವನದ್ದರಲ್ಲಿ ಎರಡಕ್ಷರ ಉಳಿತಾಯ ಮಾಡಿದೆ.

ಅವೇ ಎರಡು
ಈಗ ಈ ಚೀಟಿಯ ನಡುವೆ
ತುಟಿ ಬಿಗಿದು ಕೂತು ನನ್ನನ್ನೇ ನೋಡುತ್ತಿದ್ದವು.

'ನೀವು ಒಮ್ಮೆ ಹೇಳಿ,' ಅಂದಳು ಮಿರೆನ್.
ಹೇಳಿದೆ. ಗಂಟಲಲ್ಲಿ ತುಕ್ಕು.
ಅವಳು ಅಂದಳು, ಓರಿಗ್.
ಇನ್ನೊಮ್ಮೆ. ಓಯಿರಿಗ್.
ನಡುವೆ ಸ್ವಲ್ಪ ನಿಲ್ಲಿ, ಅಂದೆ, ಉಸಿರು ಕೆಳಗಿಳಿಯಲಿ,
ಅಲ್ಲಿ ಯಾರೋ ಇದ್ದಾರೆ.
ಒಯ್‌ರಿಕ್.
ಮಗು ಸೀನಿತು.

ಕಪ್ಪು ಶಾಯಿಯ ಪೆನ್ನು ತೆಗೆದೆ. ನಿಧಾನ ಬರೆದೆ.
'ಸರಿಯಿದೆಯೆ ನೋಡಿ, ಆಮೇಲೆ ತಿದ್ದುವುದು ಕಷ್ಟ.'
ಮಿರೆನ್ ಬೆರಳಿಟ್ಟು ಎಣಿಸಿದಳು,
ದುಡ್ಡು ಎಣಿಸಿಕೊಳ್ಳುವ ಹಾಗೆ, ಎರಡು ಸಲ.
'ಏಳೂ ಇವೆ,' ಅಂದಳು.